ಎಂಟು ಎಣಿಕೆಯ ‘ಬಂತು’

ನನಗೆ ಜಂಬ ಇದೆ ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ನಾನು ಇಲ್ಲ ಎನ್ನುವುದಿಲ್ಲ. ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್, ಟಿವಿ ರಿಪೇರಿ ಮಾಡಿಕೊಂಡು ಕೂತಿರುವವನಿಗೆ ಜಂಬಪಡಲು ಸಿಗುವ ಅವಕಾಶಗಳೇ ಕಡಿಮೆ. ಕೆಟ್ಟಿದ್ದ ಟಿವಿ ಸರಿಹೋದರೆ ಜನ ಟಿವಿಯನ್ನು ನೋಡುತ್ತಾರೆಯೇ ಹೊರತು ನನ್ನನ್ನಲ್ಲ. ಹಾಗಾಗಿ ಸಿಕ್ಕಿದ ಒಂದೇ ಒಂದು ಜಂಬವನ್ನು ಮದುವೆಯ ಜರಿಪೇಟದ ಹಾಗೆ ಮಡಿಸಿಟ್ಟುಕೊಂಡು, ಹೊಸಬರು ಯಾರಾದರೂ ಸಿಕ್ಕಿದರೆ ಬಿಚ್ಚಿ ತೋರಿಸುತ್ತೇನೆ. ಇವತ್ತು ನೀವು ಸಿಕ್ಕಿದ್ದೀರಿ.

ನನ್ನ ಜಂಬ ಒಂದು ಸ್ಟೀಲ್ ಟಿಫನ್ ಡಬ್ಬಿ. ಅದರ ಒಳಗೆ ಒಂದು ಮೈಕ್ರೋಕಂಟ್ರೋಲರ್ ಇದೆ. ಮುಚ್ಚಳದ ಮೇಲೆ ಮೂರು ಕೆಂಪು ಅಂಕಿ, ಎರಡು ಗುಂಡಿ, ಒಂದು ಬಜರ್. ಪಕ್ಕದಿಂದ ಹೊರಟ ತಂತಿಯ ತುದಿಯಲ್ಲಿ ಬೆರಳುದ್ದದ ತಾಮ್ರದ ಕೊಳವೆ. ಈ ಡಬ್ಬಿ ಕುದಿಯುವ ಬೆಲ್ಲದ ಪಾಕ ಎಷ್ಟು ಬಿಸಿಯಾಗಿದೆ ಎಂದು ನೋಡಿ, ಹದಕ್ಕೆ ಬಂದಾಗ ಕೂಗುತ್ತದೆ. ಬಿಸಿಯನ್ನು ಆ ಮೈಕ್ರೋಕಂಟ್ರೋಲರ್ ಚಿಪ್ಪಿಗೆ ತಿಳಿಸುವುದಕ್ಕೆ ನಾನು ಬಳಸಿದ್ದು ಎರಡು ಕಾಫಿಯ ಬೆಲೆಯೂ ಇಲ್ಲದ ಸಣ್ಣ ಸಾಮಾನುಗಳು. ಆದರೆ ಅದನ್ನು ಮಾಡುವಾಗ ನಾನೊಂದು ತಪ್ಪು ಮಾಡಿದೆ. ಈಗ ಡಬ್ಬಿಗಿಂತ ಆ ತಪ್ಪಿನ ಬಗ್ಗೆಯೇ ನನಗೆ ಹೆಚ್ಚು ಹೆಮ್ಮೆ. ಯಾಕೆಂದು ಹೇಳುತ್ತೇನೆ.

ಮೈಕ್ರೋಕಂಟ್ರೋಲರ್ ಎಂಬ ಹೆಸರು ಕೇಳಿ ಹೆದರಬೇಡಿ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಕಪ್ಪು ವಸ್ತು, ಎರಡೂ ಬದಿಗೆ ಹತ್ತು ಹತ್ತು ಕಾಲು. ಹೇಳಿದ ಕೆಲಸವನ್ನು ಬೇಸರವಿಲ್ಲದೆ ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ಒಂದೇ ಕೊರತೆ ಎಂದರೆ ಅದಕ್ಕೆ ಬರುವುದು ಎರಡೇ ಮಾತು, ‘ಇದೆ’ ಮತ್ತು ‘ಇಲ್ಲ’. ನಮ್ಮ ಲೋಕ ಹಾಗಿಲ್ಲವಲ್ಲ. ಇಲ್ಲಿ ನೀರು ಉಗುರುಬೆಚ್ಚಗಿರುತ್ತದೆ, ಸಾರಿಗೆ ಉಪ್ಪು ಒಂಚೂರು ಮುಂದಾಗಿರುತ್ತದೆ, ‘ಹೇಗಿದ್ದೀರಿ’ ಎಂದರೆ ‘ಏನೋ, ಹಿಂಗೇ’ ಎನ್ನುತ್ತೇವೆ. ಈ ‘ಏನೋ, ಹಿಂಗೇ’ ಎಂಬುದನ್ನು ಅಂಕಿಯಾಗಿ ಹೇಳಿಕೊಡುವ ದುಬಾಷಿ ಚಿಪ್ಪುಗಳು ಆಗಲೂ ಬೆಂಗಳೂರಿನಲ್ಲಿ ಸಿಗುತ್ತಿದ್ದವು. ಆದರೆ ದುಬಾಷಿಯ ಬೆಲೆ ಯಜಮಾನನಿಗಿಂತ ಹೆಚ್ಚು. ನಮ್ಮಂಥ ಬಡ ರಿಪೇರಿಯವರು ಬೇರೆ ದಾರಿ ಹುಡುಕಬೇಕಿತ್ತು.

ಹುಡುಕಲು ಕಾರಣ ಬೋರಣ್ಣ ಮಾವ. ನನ್ನ ತಾಯಿಯ ಅಣ್ಣ. ಚಿನಕುರಳಿಯ ಹತ್ತಿರ ಚೆಲುವೇಗೌಡರ ಆಲೆಮನೆಯಲ್ಲಿ ಪಾಕ ನೋಡುವುದು ಅವನ ಕೆಲಸ, ಚೆಲುವೇಗೌಡರ ತಂದೆಯ ಕಾಲದಿಂದಲೂ. ಆಲೆಮನೆ ಕಾಣದವರಿಗೆ ಎರಡು ಮಾತು: ಗಾಣದಲ್ಲಿ ಅರೆದ ಕಬ್ಬಿನ ಹಾಲು ಮಂಚದಷ್ಟು ಅಗಲದ ಕೊಪ್ಪರಿಗೆಗೆ ಬೀಳುತ್ತದೆ. ಕೆಳಗೆ ಒಣಗಿದ ಕಬ್ಬಿನ ಸಿಪ್ಪೆಯ ಉರಿ. ಮೇಲೆ ಕಟ್ಟುವ ಮಡ್ಡಿಯನ್ನು ತೆಗೆಯುತ್ತ ಕುದಿಸುತ್ತಾ ಹೋದರೆ ಯಾವುದೋ ಒಂದು ಗಳಿಗೆಯಲ್ಲಿ ಅದು ಬೆಲ್ಲವಾಗಲು ಒಪ್ಪಿಕೊಳ್ಳುತ್ತದೆ. ಅದಕ್ಕೆ ಮುಂಚೆ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗದೆ ಮೆತ್ತಗೆ ಉಳಿಯುತ್ತದೆ, ತಡವಾದರೆ ಸೀದು ಕಪ್ಪಾಗುತ್ತದೆ. ಆ ಗಳಿಗೆಯನ್ನು ಹಿಡಿಯುವುದೇ ಮಾವನ ಉದ್ಯೋಗ. ಅವನು ಗುಳ್ಳೆ ನೋಡುತ್ತಾನೆ, ವಾಸನೆ ನೋಡುತ್ತಾನೆ, ಕುದಿಯುವ ಸದ್ದು ಕೇಳುತ್ತಾನೆ, ಒಂದು ತೊಟ್ಟನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾನೆ. ಆಮೇಲೆ ಮೆಲ್ಲಗೆ ಒಂದೇ ಮಾತು, ‘ಬಂತು’ ಎನ್ನುತ್ತಾನೆ. ಅವನು ಹಾಗೆಂದ ಮೇಲೆ ಎರಡನೆಯ ಮಾತಿಲ್ಲ.

ಆ ವರ್ಷ ಎರಡನೆಯ ಮಾತು ಬಂತು. ಹಂಗಾಮು ಶುರುವಾದಾಗಿನಿಂದ ಬೆಲ್ಲ ಮೆತ್ತಗಾಗುತ್ತಿತ್ತು. ಅಚ್ಚಿನ ಮೇಲೆ ಹೆಬ್ಬೆರಳು ಒತ್ತಿದರೆ ಗುರುತು ಬೀಳುತ್ತಿತ್ತು. ಚೆಲುವೇಗೌಡರು ಕೆಟ್ಟವರಲ್ಲ. ಒಂದು ದಿನ ಟೇಪ್‌ರೆಕಾರ್ಡರ್ ರಿಪೇರಿಗೆ ತಂದವರು, ಅದನ್ನು ನನ್ನ ಮೇಜಿನ ಮೇಲಿಟ್ಟು, ಅದರ ಬಗ್ಗೆ ಏನೂ ಹೇಳದೆ ಮಾವನ ಬಗ್ಗೆ ಹೇಳಿದರು.

“ನಂಜುಂಡಪ್ಪ, ನೀವು ಬೇಜಾರ್ ಮಾಡ್ಕಬಾರ್ದು. ಗಾಣಕ್ಕೆ ಹೊಸ ಮೋಟ್ರು ಆಕ್ಸಿದೀನಿ. ಕೊಪ್ಪರಿಗೆ ಎತ್ತೋಕೆ ಚೈನ್ ಪುಲ್ಲಿ ಆಕ್ಸಿದೀನಿ. ಏನ್ ಮಾಡುದ್ರೂ ಬೆಲ್ಲ ನಿಂತ್ಕತಾ ಇಲ್ಲ. ಬೋರಣ್ಣನ ಎಡಗಣ್ಣಿಗೆ ಪೊರೆ ಬಂದದೆ. ಸಂತೆಬಾಚಳ್ಳಿ ಕಡೆಯಿಂದ ಒಬ್ರು ಪಾಕದೋರು ಬತ್ತೀನಿ ಅಂದವ್ರೆ, ಸಂಕ್ರಾಂತಿ ಆದ್ಮೇಲೆ.”

ಮಾರನೆಯ ಬೆಳಿಗ್ಗೆ ಮಾವನೇ ಅಂಗಡಿಗೆ ಬಂದ. ಮೆಟ್ಟಿಲ ಮೇಲೆ ಕೂತು ಬಲಗೈ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದ. “ಕಣ್ಣು ಓಯ್ತು ಅಂದ್ರೆ ಒಪ್ಕತೀನಿ ಕಣ್ಲಾ ನಂಜ. ಅದ ಓಯ್ತು ಅಂತಾವ್ರೆ” ಎಂದ. ನಮ್ಮ ಕಡೆಯ ನಾಲಿಗೆಗೆ ಹಕಾರ ಒಗ್ಗದು, ಮಾವನ ಬಾಯಲ್ಲಿ ‘ಹದ’ ಯಾವಾಗಲೂ ‘ಅದ’. ಹಗ್ಗಕ್ಕೊಂದು ಹದ, ಚರ್ಮಕ್ಕೊಂದು ಹದ, ಬಿತ್ತುವ ನೆಲಕ್ಕೊಂದು ಹದ ಎಂದು ಎಲ್ಲಕ್ಕೂ ನಾವು ಬಳಸುವ ಮಾತು. ಕೈಯಲ್ಲಿ ಹದ ಇಲ್ಲ ಎನಿಸಿಕೊಂಡವನು ನಮ್ಮಲ್ಲಿ ಏನೂ ಇಲ್ಲದವನು. ಅವನ ಮುಖ ನೋಡಿ ಯೋಚಿಸದೆ ಬಾಯಿಬಿಟ್ಟೆ. “ಮಾವ, ನಾನೊಂದು ಪೆಟ್ಟಿಗೆ ಮಾಡಿಕೊಡ್ತೀನಿ. ಪಾಕ ಬಂದ್ರೆ ಅದೇ ಹೇಳ್ತದೆ. ಕಣ್ಣಿನ ಅಗತ್ಯವೇ ಇಲ್ಲ.”

ಮಾವ ನನ್ನ ಅಂಗಡಿಯಲ್ಲಿ ಬಿಚ್ಚಿ ಹಾಕಿದ್ದ ರೇಡಿಯೋಗಳನ್ನೆಲ್ಲ ಒಮ್ಮೆ ನೋಡಿದ. “ಇವುನ್ನೆಲ್ಲ ಜೋಡ್ಸುದ್ಮೇಲೆ ತಾನೇ” ಎಂದು ಎದ್ದು ಹೋದ.

ಮಾತು ಕೊಟ್ಟದ್ದಾಯಿತು. ಬೆಂಗಳೂರಿಗೆ ಹೋದಾಗ ತಂದಿಟ್ಟುಕೊಂಡಿದ್ದ ಒಂದು ಇಪ್ಪತ್ತು ಕಾಲಿನ ಚಿಪ್ಪು ನನ್ನಲ್ಲಿತ್ತು. ಅದಕ್ಕೆ ಪಾಕದ ಸುದ್ದಿ ಮುಟ್ಟಿಸುವುದು ಹೇಗೆ? ಮೊದಲು ಮಾವನ ಹಾಗೆಯೇ ಕಣ್ಣಿನಿಂದ ನೋಡಿಸೋಣ ಎಂದುಕೊಂಡೆ. ತೀರ ಹಳೆಯ ರೇಡಿಯೋಗಳಲ್ಲಿ ಗಾಜಿನ ಮೈಯ ಟ್ರಾನ್ಸಿಸ್ಟರ್‌ಗಳಿರುತ್ತವೆ. ಬೆಳಕು ತಾಗದಿರಲಿ ಎಂದು ಅದಕ್ಕೆ ಕಪ್ಪು ಬಣ್ಣ ಬಳಿದಿರುತ್ತಾರೆ. ಆ ಬಣ್ಣವನ್ನು ಬ್ಲೇಡಿನಿಂದ ಕೆರೆದರೆ ಅದಕ್ಕೆ ಬೆಳಕು ತಿಳಿಯತೊಡಗುತ್ತದೆ. ಬಿಟ್ಟಿ ಸಿಗುವ ಕಣ್ಣು. ಪಾಕದ ಬಣ್ಣವನ್ನು ಅದು ಗುರುತಿಸಲಿ ಎಂದು ಕೊಪ್ಪರಿಗೆಯ ಮೇಲೆ ಹಿಡಿದೆ. ಹಬೆ ಹೊಡೆದು ಮಾವನ ಕಣ್ಣಿಗಿಂತ ದಪ್ಪ ಪೊರೆ ಅದಕ್ಕೇ ಬಂತು. ಬಿಟ್ಟಿ ಕಣ್ಣಿನ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ಬಣ್ಣ ಬಿಟ್ಟು ಬಿಸಿಯ ಹಿಂದೆ ಬಿದ್ದೆ. ಥರ್ಮಿಸ್ಟರ್ ಎಂದು ಒಂದು ಸಾಮಾನಿದೆ, ಸಾಸಿವೆಗಿಂತ ತುಸು ದೊಡ್ಡ ಮಣಿ. ಅದು ತಣ್ಣಗಿದ್ದಾಗ ವಿದ್ಯುತ್ತನ್ನು ತಡೆಯುತ್ತದೆ, ಬಿಸಿಯಾದಷ್ಟೂ ಹೆಚ್ಚು ಹೆಚ್ಚು ಬಿಡುತ್ತದೆ. ಇದನ್ನು ಅಂಕಿ ಮಾಡಲು ದುಬಾಷಿಯನ್ನು ನಾನೇ ಕಟ್ಟುತ್ತೇನೆಂದು ಗುಜರಿ ರೇಡಿಯೋಗಳಿಂದ, ವಿದ್ಯುತ್ತನ್ನು ಇಂತಿಷ್ಟೇ ಎಂದು ತಡೆಯುವ ಎಂಟು ರೆಸಿಸ್ಟರ್ ಕಿತ್ತು ಏಣಿಯ ಹಾಗೆ ಜೋಡಿಸಿದೆ. ಆ ಏಣಿ ಸರಿಯಾಗಿ ನಿಲ್ಲಬೇಕಾದರೆ ಎಲ್ಲ ಮೆಟ್ಟಿಲೂ ಅಳತೆಗೆ ಇರಬೇಕು. ನನ್ನ ಎಂಟೂ ಬೇರೆ ಬೇರೆ ಮನೆಯಿಂದ ಬಂದವು, ಒಂದರ ಮಾತು ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಬಿಸಿನೀರಿಗೆ ಅದ್ದಿದರೆ ತಣ್ಣೀರಿನ ಅಂಕಿ ತೋರಿಸಿದ್ದೂ ಉಂಟು. ನಾಲ್ಕು ದಿನ ಅದರ ಜತೆ ಏಗಿ ಕೈಬಿಟ್ಟೆ.

ದಾರಿ ಕಂಡದ್ದು ಮೇಲುಕೋಟೆಯಲ್ಲಿ. ಅಲ್ಲಿ ಒಬ್ಬ ಸಂಸ್ಕೃತ ವಿದ್ವಾಂಸರ ಮನೆಯ ಹಳೇ ವಾಲ್ವ್ ರೇಡಿಯೋ ನನ್ನ ಖಾಯಂ ಗಿರಾಕಿ. ವರ್ಷಕ್ಕೆರಡು ಸಲ ಕೆಡುತ್ತದೆ, ಬೆಟ್ಟ ಹತ್ತಿ ಹೋಗಿ ಸರಿಮಾಡುತ್ತೇನೆ. ಆ ಸಲ ಹೋದಾಗ ಅವರು ಹಿತ್ತಾಳೆ ಪಾತ್ರೆಯ ನೀರಿನಲ್ಲಿ ಒಂದು ಸಣ್ಣ ತಾಮ್ರದ ಬಟ್ಟಲು ತೇಲಿಬಿಟ್ಟು ನೋಡುತ್ತ ಕೂತಿದ್ದರು. ಬಟ್ಟಲಿನ ತಳದಲ್ಲಿ ಸೂಜಿಮೊನೆಯಷ್ಟು ತೂತು. ಅದರಿಂದ ನೀರು ಒಳಬಂದು ಬಟ್ಟಲು ಮುಳುಗುವ ಹೊತ್ತೇ ಒಂದು ಘಳಿಗೆ. ಗಡಿಯಾರ ಬರುವ ಮೊದಲು ಮುಹೂರ್ತಗಳನ್ನೆಲ್ಲ ಇದರಲ್ಲೇ ನೋಡುತ್ತಿದ್ದರಂತೆ. ಮನೆಯಲ್ಲಿ ಪಾತ್ರೆ ತೊಳೆಯುವಾಗ ಸಿಕ್ಕಿತೆಂದು ಪರೀಕ್ಷೆ ಮಾಡುತ್ತಿದ್ದರು.

“ತೂತಿಗೆ ಕಿಲುಬು ಕಟ್ಟಿದರೆ ಘಳಿಗೆ ಉದ್ದವಾಗಿಬಿಡುತ್ತೆ ನೋಡಿ. ತೂತು ಸವೆದರೆ ಗಿಡ್ಡ. ಅದಕ್ಕೇ ಮಧ್ಯೆ ಮಧ್ಯೆ ಬಾಯಿಂದ ತಾಳೆ ನೋಡಬೇಕು” ಎಂದರು. ದೀರ್ಘವಾದ ಅಕ್ಷರಗಳನ್ನು ಸಾವಧಾನವಾಗಿ ಅರವತ್ತು ಹೇಳಿದರೆ ಒಂದು ವಿಘಳಿಗೆ, ಅಂಥ ಅರವತ್ತು ವಿಘಳಿಗೆ ಸೇರಿದರೆ ಒಂದು ಘಳಿಗೆ. ಹಿಂದಿನವರು ಬಟ್ಟಲನ್ನು ನಾಲಿಗೆಯಿಂದ ಅಳೆದರು, ನಾಲಿಗೆಯನ್ನು ಬಟ್ಟಲಿನಿಂದ ಅಳೆದರು. ಅವರು ತಮ್ಮ ಪಾಡಿಗೆ ಆ ಆ ಆ ಎಂದು ಎಣಿಸತೊಡಗಿದರು. ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಹಾಗೇ ಹಿಡಿದು ನಿಂತುಬಿಟ್ಟೆ.

ನೀರು ಎಷ್ಟು ಜೋರಾಗಿ ಬರುತ್ತಿದೆ ಎಂದು ತಿಳಿಯಲು ನೀರನ್ನು ಅಳೆಯಬೇಕಾಗಿಲ್ಲ. ಬಟ್ಟಲು ತುಂಬುವ ತನಕ ಎಣಿಸಿದರೆ ಸಾಕು. ಎಣಿಸುವುದು ನನ್ನ ಚಿಪ್ಪಿಗೆ ಚೆನ್ನಾಗಿ ಬರುತ್ತದೆ. ಬಟ್ಟಲಿಗೆ ಬದಲು ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಒಂದು ಕೆಪಾಸಿಟರ್, ತೂತಿಗೆ ಬದಲು ಥರ್ಮಿಸ್ಟರ್. ಚಿಪ್ಪು ಬಟ್ಟಲನ್ನು ಬರಿದು ಮಾಡಿ, ತೂತಿನ ಮೂಲಕ ತುಂಬಲು ಬಿಟ್ಟು, ಒಂದು ಎರಡು ಮೂರು ಎಂದು ಎಣಿಸುತ್ತ ಹೋಗುತ್ತದೆ. ‘ತುಂಬಿತೇ?’ ಇಲ್ಲ. ‘ತುಂಬಿತೇ?’ ಇಲ್ಲ. ‘ತುಂಬಿತೇ?’ ಇದೆ. ಅಲ್ಲಿಗೆ ಎಣಿಕೆ ನಿಲ್ಲುತ್ತದೆ. ಪಾಕ ಬಿಸಿಯಾದಷ್ಟೂ ತೂತು ದೊಡ್ಡದಾಗುತ್ತದೆ, ಬಟ್ಟಲು ಬೇಗ ತುಂಬುತ್ತದೆ, ಎಣಿಕೆ ಕಡಿಮೆಯಾಗುತ್ತದೆ. ಎರಡೇ ಮಾತು ಬಲ್ಲ ಚಿಪ್ಪು ‘ಏನೋ, ಹಿಂಗೇ’ ಎಂಬ ಲೋಕವನ್ನು ತಿಳಿದುಕೊಳ್ಳುತ್ತದೆ. ಕಿಲುಬಿನ ಚಿಂತೆಗೂ ಉಪಾಯ ಅಲ್ಲೇ ಇತ್ತು. ನಡುನಡುವೆ ಥರ್ಮಿಸ್ಟರ್ ಬಿಟ್ಟು, ಬದಲಾಗದ ಒಂದು ನಂಬಿಕಸ್ತ ರೆಸಿಸ್ಟರ್ ಮೂಲಕ ಅದೇ ಬಟ್ಟಲನ್ನು ತುಂಬಿಸಿ ತಾಳೆ ನೋಡುವುದು.

ಈ ಉಪಾಯ ಬೇರೆ ದೇಶಗಳಲ್ಲಿ ಬೇಕಾದಷ್ಟು ಜನ ನನಗಿಂತ ಮುಂಚೆ ಕಂಡುಕೊಂಡಿದ್ದರು ಎಂದು ಆಮೇಲೆ ತಿಳಿಯಿತು. ಒಂದು ದಿನ ಬೇಜಾರಾಯಿತು, ಅಷ್ಟೇ. ಅವರಿಗೆ ಮೇಲುಕೋಟೆಯ ಬಟ್ಟಲು ಗೊತ್ತಿರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಉಳಿದದ್ದು ತಿರುಗಾಟ. ಮಣಿಯನ್ನು ಹಾಗೇ ಪಾಕಕ್ಕೆ ಬಿಟ್ಟರೆ ಅದೂ ಬೆಲ್ಲವಾಗುತ್ತದೆ. ನಾಗಮಂಗಲಕ್ಕೆ ಹೋಗಿ ಒಬ್ಬ ಕಂಚುಗಾರರಿಂದ ತಾಮ್ರದ ಕೊಳವೆಯ ತುದಿ ಮುಚ್ಚಿಸಿದೆ. ವಿಗ್ರಹ ಎರಕ ಹೊಯ್ಯುವ ಕೈ. ಇದು ಯಾವ ದೇವರಿಗೆ ಎಂದು ಕೇಳಿದರು, ಬೆಲ್ಲಕ್ಕೆ ಎಂದೆ. ಚಿಪ್ಪಿಗೆ ಪ್ರೋಗ್ರಾಂ ತುಂಬಿಸುವ ಸಾಧನ ಇದ್ದದ್ದು ಶ್ರೀರಂಗಪಟ್ಟಣದ ಒಬ್ಬ ಗೆಳೆಯರ ಮನೆಯಲ್ಲಿ. ಪ್ರೋಗ್ರಾಮಿನಲ್ಲಿ ಒಂದು ಅಕ್ಷರ ತಪ್ಪಿದರೂ ಮತ್ತೆ ಬಸ್ ಹತ್ತಬೇಕು. ನಾನೆಷ್ಟು ಸಲ ತಪ್ಪಿದೆನೆಂದರೆ ಕೊನೆಕೊನೆಗೆ ಕಂಡಕ್ಟರ್ ನನ್ನನ್ನು ಕೇಳದೆಯೇ ಶ್ರೀರಂಗಪಟ್ಟಣಕ್ಕೆ ಟಿಕೇಟು ಹರಿಯುತ್ತಿದ್ದ.

ಡಿಸೆಂಬರ್ ಮುಗಿಯುವ ಹೊತ್ತಿಗೆ ಡಬ್ಬಿ ಸಿದ್ಧವಾಯಿತು. ಯಾವ ಅಂಕಿಗೆ ಕೂಗಬೇಕೆಂದು ಅದಕ್ಕೆ ಹೇಳಿಕೊಡಬೇಕಿತ್ತು. ಅದನ್ನು ಹೇಳಿಕೊಡಲು ನನಗಿದ್ದ ಗುರು ಒಬ್ಬನೇ. ಆಲೆಮನೆಯಲ್ಲಿ ಕೊಳವೆಯನ್ನು ಕೊಪ್ಪರಿಗೆಗೆ ಇಳಿಬಿಟ್ಟು, ಟ್ರಾಕ್ಟರಿನ ಬ್ಯಾಟರಿಗೆ ತಂತಿ ಸಿಕ್ಕಿಸಿ, ನೋಟ್‌ಬುಕ್ ಹಿಡಿದು ಕೂತೆ. ಮಾವ ‘ಬಂತು’ ಎಂದಾಗ ಅಂಕಿ ನೋಡಿ ಬರೆದುಕೊಳ್ಳುವುದು. ಮೊದಲನೆಯ ಕೊಪ್ಪರಿಗೆಗೆ ನೂರ ಎಪ್ಪತ್ತೆರಡು. ಎರಡನೆಯದಕ್ಕೆ ನೂರ ಎಪ್ಪತ್ತೊಂದು. ಆಮೇಲೆ ಮತ್ತೆ ನೂರ ಎಪ್ಪತ್ತೆರಡು. ಎರಡು ದಿನ ಬರೆದುಕೊಂಡೆ, ಎಲ್ಲ ಅಷ್ಟರಲ್ಲೇ. ನನ್ನ ಡಬ್ಬಿ ಎಷ್ಟು ಕರಾರುವಾಕ್ಕಾಗಿದೆ ಎಂದು ಹಿಗ್ಗಿ ಹೀರೇಕಾಯಿಯಾದೆ. ಅಲ್ಲಿ ಕರಾರುವಾಕ್ಕಾಗಿದ್ದದ್ದು ಇನ್ನೇನೋ ಇದೆ ಎಂದು ನನಗೆ ಹೊಳೆಯಲೇ ಇಲ್ಲ. ಜಂಬದ ತೊಂದರೆಯೇ ಇದು, ತನ್ನ ಪೆಟ್ಟಿಗೆಯ ಆಚೆಗೆ ನೋಡಗೊಡುವುದಿಲ್ಲ.

ಮೂರನೆಯ ದಿನ ನೂರ ಎಪ್ಪತ್ತೆರಡಕ್ಕೆ ಬಜರ್ ಕಟ್ಟಿದೆ. ಚೆಲುವೇಗೌಡರು ಬಂದರು. “ಬೋರಣ್ಣ, ಇವತ್ತು ನೀನು ಸುಮ್ಕೆ ಕೂತ್ಕೊ. ಮಿಷನ್ ಕೂಗ್ಲಿ, ನೋಡವ” ಎಂದರು. ಮಾವ ಕಬ್ಬಿನ ಹೊರೆಯ ಮೇಲೆ ಕೂತ. ಇಂಥ ಹೊತ್ತಿನಲ್ಲಿ ಅವನು ಕೂತದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಅಂಕಿ ಇಳಿಯುತ್ತ ಬಂತು. ಡಬ್ಬಿ ಕೀಂ ಎಂದು ಕೂಗಿತು. ಅದೇ ಕ್ಷಣ, ಅಷ್ಟು ದೂರದಲ್ಲಿ, ಮಾವನ ತುಟಿ ಅಲುಗಿದ್ದನ್ನು ಕಂಡೆ. ಆಳುಗಳು ಚೈನ್ ಎಳೆದರು, ಕೊಪ್ಪರಿಗೆ ಎದ್ದಿತು, ಪಾಕ ದೋಣಿಯಾಕಾರದ ಮರದ ತೊಟ್ಟಿಗೆ ಬಿತ್ತು, ಅಚ್ಚಿಗೆ ಹೋಯಿತು. ಆರಿದ ಮೇಲೆ ಚೆಲುವೇಗೌಡರು ಒಂದು ಅಚ್ಚು ಕೈಗೆತ್ತಿಕೊಂಡು ಹೆಬ್ಬೆರಳು ಒತ್ತಿದರು. ಗುರುತು ಬಿತ್ತು.

“ನಂಜುಂಡಪ್ಪ, ನಿಮ್ ಮಾವನ ಪೊರೆ ನಿಮ್ ಮಿಷನ್ಗೂ ಅಂಟ್ಕಂಡದಲ್ಲಪ್ಪಾ.”

ಆಳುಗಳು ನಕ್ಕರು. ನಾನೂ ನಗಲು ನೋಡಿದೆ, ಆಗಲಿಲ್ಲ. ಇಷ್ಟು ದಿನ ಮಾವನ ಮೇಲಿದ್ದದ್ದು ಬರೀ ಅನುಮಾನ. ಈಗ ಅವನ ಅಳಿಯನೇ ಕಷ್ಟಪಟ್ಟು ಒಂದು ಸಾಕ್ಷಿ ತಯಾರು ಮಾಡಿ ತಂದು ನಿಲ್ಲಿಸಿದ ಹಾಗಾಯಿತು. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, “ಸಂಕ್ರಾಂತಿ ಗಂಟ ಬತ್ತೀನಿ ಬುಡಿ ಗೌಡ್ರೆ” ಎಂದು ಮನೆಗೆ ನಡೆದ. ಡಬ್ಬಿಯನ್ನು ಬಾವಿಗೆ ಹಾಕಿಬಿಡಬೇಕೆನಿಸಿತು. ಹಾಕದಿದ್ದದ್ದಕ್ಕೆ ಕಾರಣ ನಾಗಮಂಗಲದ ಆ ಕೊಳವೆ, ಅದು ಅಷ್ಟು ಚೆನ್ನಾಗಿತ್ತು.

ಎರಡು ದಿನ ಅಂಗಡಿ ತೆರೆಯಲಿಲ್ಲ. ಮನೆಯಲ್ಲೇ ಡಬ್ಬಿ ಬಿಚ್ಚಿ, ಜೋಡಿಸಿ, ಕುದಿಯುವ ನೀರಿಗೆ ಅದ್ದಿ ನೋಡುತ್ತಿದ್ದೆ. ತಪ್ಪೇ ಇಲ್ಲ. ಮಧ್ಯಾಹ್ನ ಹೆಂಡತಿ ಊಟಕ್ಕೆ ಕರೆದಳು. ‘ಬಂದೆ’ ಎಂದೆ. ಕೈಲಿದ್ದ ಒಂದು ಬೆಸುಗೆ ಮುಗಿಸಿ, ಕೈ ತೊಳೆದು ಹೋಗಿ ಕೂತೆ. ತಟ್ಟೆಗೆ ಬಂದು ಬಿದ್ದದ್ದು ಬೆರಳಿಟ್ಟರೆ ಸುಡುವ ರಾಗಿಮುದ್ದೆ. ಇವಳು ಕರೆದು ಅಷ್ಟು ಹೊತ್ತಾದರೂ ಮುದ್ದೆ ಆರಿಲ್ಲವಲ್ಲ ಎಂದು ಬಾಯಿಬಿಟ್ಟು ಕೇಳಿದೆ.

“ನೀವು ಬಂದೆ ಅಂದ್ಮೇಲೆ ತಾನೇ ನಾನು ಹಿಟ್ಟು ತಿರುವೋಕೆ ಶುರು ಮಾಡೋದು. ಮುದ್ದೆ ಕಟ್ಟೋ ಹೊತ್ತಿಗೆ ನೀವು ಬಂದಿರ್ತೀರಿ. ಮದುವೆಯಾದ ಮೊದಲನೇ ವರ್ಷ ತಣ್ಣನೆ ಮುದ್ದೆ ತಿಂದ್ರಲ್ಲ, ಆವಾಗ ಕಲ್ತೆ.”

ಮುದ್ದೆಯ ಮೇಲಿಟ್ಟ ಕೈ ಅಲ್ಲೇ ನಿಂತಿತು. ಸ್ವಲ್ಪ ಸುಟ್ಟಿತು ಕೂಡ.

ನಮ್ಮ ಭಾಷೆಯ ಕಾಲಗಳನ್ನು ಶಾಲೆಯಲ್ಲಿ ನಮಗೆ ತಪ್ಪು ಹೇಳಿಕೊಟ್ಟಿದ್ದಾರೆ ಎಂದು ನನಗೆ ಗುಮಾನಿ. ಬಂದನು, ಬರುತ್ತಾನೆ, ಬರುವನು ಎಂದು ಮೂರು ಮನೆ ಮಾಡಿ ಬಾಯಿಪಾಠ ಮಾಡಿಸಿದರು. ಆದರೆ ಬಸ್ಸು ಇನ್ನೂ ತಿರುವಿನಲ್ಲಿ ಧೂಳೆಬ್ಬಿಸುತ್ತಿರುವಾಗಲೇ ನಾವು ‘ಬಸ್ ಬಂತು’ ಎಂದು ಚೀಲ ಎತ್ತಿಕೊಳ್ಳುತ್ತೇವೆ. ಮೋಡ ಕವಿದರೆ ‘ಮಳೆ ಬಂತು, ಬಟ್ಟೆ ತೆಗಿ’ ಎನ್ನುತ್ತೇವೆ, ಒಂದು ಹನಿಯೂ ಬಿದ್ದಿರುವುದಿಲ್ಲ. ಮನೆಗೆ ಬಂದ ನೆಂಟರು ‘ಹೊರಟೆ’ ಎಂದು ಎದ್ದು ನಿಂತು ಬಾಗಿಲಲ್ಲಿ ಅರ್ಧ ಗಂಟೆ ಮಾತಾಡುತ್ತಾರೆ. ಆಗಿಹೋದದ್ದನ್ನು ಹೇಳುವ ಮಾತಿನಲ್ಲಿ ನಾವು ಆಗಲಿರುವುದನ್ನು ಹೇಳುತ್ತೇವೆ, ಕೇಳುವವರು ಅದಕ್ಕೆ ಸಿದ್ಧರಾಗಲಿ ಎಂದು. ಇದನ್ನು ಎರಡು ವರ್ಷದ ಮಗುವೂ ಅರ್ಥ ಮಾಡಿಕೊಳ್ಳುತ್ತದೆ. ಅರ್ಥವಾಗದೆ ಉಳಿದದ್ದು ನನ್ನ ಡಬ್ಬಿಗೆ ಮತ್ತು ಡಬ್ಬಿಯ ಸಂಗದಲ್ಲಿ ನನಗೆ.

ಅರ್ಧ ಊಟಕ್ಕೆ ಎದ್ದು ಸೈಕಲ್ ಹತ್ತಿದೆ. ಮಾವ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ.

“ಮಾವ, ನೀನು ಬಂತು ಅನ್ನೋದು ಪಾಕ ಬಂದ ಮೇಲೋ, ಬರೋಕೆ ಮುಂಚೆಯೋ?”

ಮಾವ ನನ್ನನ್ನು ಕನಿಕರದಿಂದ ನೋಡಿದ. “ಬಂದ್ಮೇಲೆ ಬಂತು ಅಂದ್ರೆ ಸೀದೋಯ್ತದೆ ಕಣ್ಲಾ. ಬಸ್ಸು ಬಂತು ಅಂತ ಯಾವಾಗ ಅಂತೀಯ? ಅತ್ತಿ ಕೂತ್ಕಂಡ್ಮೇಲಾ?”

ನಾನು ಅವನ ಪಕ್ಕದಲ್ಲಿ ಕೂತು ಒಂದೊಂದಾಗಿ ಕೇಳಿದೆ. ಹೋದ ವರ್ಷದವರೆಗೆ ಮಾವ ‘ಬಂತು’ ಎಂದ ಮೇಲೆ ಏನಾಗುತ್ತಿತ್ತು? ನಾಲ್ಕು ಜನ ಗಾಣದ ಹತ್ತಿರದಿಂದ ಬರುತ್ತಿದ್ದರು. ಎಲೆಅಡಿಕೆ ಉಗುಳುತ್ತಿದ್ದರು. ತಲೆಯ ವಸ್ತ್ರ ಬಿಚ್ಚಿ ಕೈಗೆ ಸುತ್ತಿಕೊಳ್ಳುತ್ತಿದ್ದರು. ಗೋಡೆಗೊರಗಿಸಿದ ಎರಡು ಗಳ ತಂದು ಕೊಪ್ಪರಿಗೆಯ ಬಳೆಗಳಿಗೆ ತೂರಿಸುತ್ತಿದ್ದರು. ಆಮೇಲೆ ಹೆಗಲು ಕೊಟ್ಟು ಎತ್ತುತ್ತಿದ್ದರು. ಅಷ್ಟು ಹೊತ್ತೂ ಕೆಳಗೆ ಉರಿ ಇರುತ್ತಿತ್ತು, ಪಾಕ ಏ‌ರುತ್ತಿತ್ತು. ಈ ವರ್ಷ? ಮಾವ ‘ಬಂತು’ ಎಂದ ಕೂಡಲೇ ಒಬ್ಬ ಚೈನ್ ಎಳೆಯುತ್ತಾನೆ. ಪಾಕ ದಾರಿಯಲ್ಲಿರುವಾಗಲೇ ಕೊಪ್ಪರಿಗೆ ಮೇಲೆದ್ದುಬಿಡುತ್ತದೆ.

ಮಾವನ ಕೈಯಲ್ಲಿ ಹಗ್ಗ ನಿಂತಿತು. ಒಳ್ಳೆಯ ಕಣ್ಣೂ ಪೊರೆಯ ಕಣ್ಣೂ ಎರಡೂ ಒದ್ದೆಯಾದವು. “ಅಂಗಾದ್ರೆ ಅದ ಓಗಿಲ್ಲ” ಎಂದ. ಕೇಳಿದ್ದಲ್ಲ, ಹೇಳಿದ್ದು.

ನಾನು ಜೇಬಿನಿಂದ ನೋಟ್‌ಬುಕ್ ತೆಗೆದು ಎರಡು ದಿನದ ಅಂಕಿಗಳನ್ನು ಅವನಿಗೆ ಓದಿ ಹೇಳಿದೆ. ನೂರ ಎಪ್ಪತ್ತೆರಡು, ಎಪ್ಪತ್ತೊಂದು, ಎಪ್ಪತ್ತೆರಡು, ಎಪ್ಪತ್ತಮೂರು, ಎಪ್ಪತ್ತೆರಡು. ಒಂದು ಕಣ್ಣಿಗೆ ಪೊರೆ ಬಂದ ಮನುಷ್ಯ, ಹೊಗೆ ಹಬೆಗಳ ನಡುವೆ ನಿಂತು, ಪ್ರತಿ ಕೊಪ್ಪರಿಗೆಗೂ ಅದೇ ಜಾಗದಲ್ಲಿ ಬೆರಳಿಟ್ಟಿದ್ದ. ನಾನು ನನ್ನ ಯಂತ್ರವನ್ನು ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡು ನನಗೇ ತಿಳಿಯದೆ ಮಾವನನ್ನು ಪರೀಕ್ಷೆ ಮಾಡಿದ್ದೆ, ಅವನು ಪಾಸಾಗಿದ್ದನ್ನು ನನ್ನ ಕೈಯಾರೆ ಬರೆದುಕೊಂಡಿದ್ದೆ, ಓದಿಕೊಂಡಿರಲಿಲ್ಲ.

ಚೆಲುವೇಗೌಡರಿಗೆ ಹೇಳಿದಾಗ ಅವರು ಪೂರ್ತಿ ನಂಬಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ. ಸಂಕ್ರಾಂತಿಗೆ ಮೂರು ದಿನ ಇತ್ತು. ‘ಬಂತು’ ಎಂಬುದು ಎಷ್ಟು ಉದ್ದ ಎಂದು ಅಳೆಯಬೇಕಿತ್ತು. ಮಾವ ಒಂದು ಉಪಾಯ ಹೇಳಿದ. ಹಳೆಯ ನಾಲ್ಕು ಆಳುಗಳನ್ನು ಗಾಣದ ಹತ್ತಿರ ನಿಲ್ಲಿಸಿದ. ಮಾವ ‘ಬಂತು’ ಎಂದ ಕೂಡಲೇ ಅವರು ಹೋದ ವರ್ಷದ ಹಾಗೆ ನಡೆದು ಬರಬೇಕು, ಎಲ್ಲ ಮಾಡಬೇಕು. ಗಳಗಳನ್ನು ಚಪ್ಪರಕ್ಕೆ ಹಾಕಿಬಿಟ್ಟಿದ್ದರಿಂದ ಬರಿಗೈಯಲ್ಲಿ ಮಾಡಬೇಕು. ನೀವು ಆ ದೃಶ್ಯ ನೋಡಬೇಕಿತ್ತು. ನಾಲ್ಕು ಜನ ಗಟ್ಟಿಮುಟ್ಟಾದ ಗಂಡಸರು ಇಲ್ಲದ ಗಳವನ್ನು ಹೊತ್ತು ತಂದು, ಇಲ್ಲದ ಗಳವನ್ನು ಬಳೆಗೆ ತೂರಿಸಿ, ಇಲ್ಲದ ಭಾರಕ್ಕೆ ಮುಕ್ಕಿರಿದರು. ಒಬ್ಬ ಎಲೆಅಡಿಕೆ ಹಾಕಿರಲಿಲ್ಲ, ಆದರೂ ಉಗುಳಿದ, ಲೆಕ್ಕ ತಪ್ಪಬಾರದೆಂದು. ನಾನು ಡಬ್ಬಿಯ ಮೇಲೆ ಕಣ್ಣಿಟ್ಟಿದ್ದೆ. ಮಾವ ಬಾಯಿ ತೆರೆದಾಗ ನೂರ ಎಪ್ಪತ್ತೆರಡು. ಅವರ ಹೆಗಲು ಎದ್ದಾಗ ನೂರ ಅರವತ್ತನಾಲ್ಕು. “ಎಳಿ” ಎಂದೆ. ಚೈನ್ ಎಳೆದರು.

ಎಂಟು ಎಣಿಕೆ. ನಮ್ಮ ಮಾವನ ‘ಬಂತು’ವಿನ ಒಳಗೆ ಇದ್ದದ್ದು ಅಷ್ಟು.

ಬೆಲ್ಲ ಆರಿತು. ಚೆಲುವೇಗೌಡರು ಅಚ್ಚಿನಿಂದ ಒಂದನ್ನು ತೆಗೆದು ಹೆಬ್ಬೆರಳು ಒತ್ತಿದರು. ಮತ್ತೆ ಒತ್ತಿದರು. ಆಮೇಲೆ ಕಲ್ಲಿನ ಮೇಲೆ ಬಡಿದರು. ಟಣ್ ಎಂದು ಎರಡು ಹೋಳಾಯಿತು, ಒಳಗೆಲ್ಲ ಹೊನ್ನಿನ ಬಣ್ಣದ ಹರಳು. ಒಂದು ಹೋಳನ್ನು ಮಾವನ ಕೈಗಿಟ್ಟು, “ತಪ್ಪು ನಂದು ಕಣ್ ಬೋರಣ್ಣ. ಸಂತೆಬಾಚಳ್ಳಿಯೋರ್ಗೆ ಬರೋದ್ ಬ್ಯಾಡ ಅಂತ ಏಳ್ ಕಳುಸ್ತೀನಿ” ಎಂದರು.

“ಚೈನು ಒಳ್ಳೇದೇ ಕಣ್ ಗೌಡ್ರೆ. ಇವ್ರ ಸೊಂಟ ಉಳ್ಕಂಡದೆ. ಅದ್ಕೆ ಒಸಿ ತಾಳ್ಮೆ ಕಲುಸ್ಬೇಕು, ಅಷ್ಟೇಯ” ಎಂದ ಮಾವ. ಹೋಳನ್ನು ಬಾಯಿಗೆ ಹಾಕಿಕೊಳ್ಳದೆ ಬೆರಳುಗಳಲ್ಲಿ ಉರುಟಿದ.

ಮಾವ ಇನ್ನು ಮೇಲೆ ಎಂಟು ಎಣಿಕೆ ತಡವಾಗಿ ‘ಬಂತು’ ಎಂದರೆ ಆಯಿತಲ್ಲ, ಡಬ್ಬಿ ಯಾಕೆ ಎಂದು ನೀವು ಕೇಳಬಹುದು. ಅದನ್ನೂ ಮಾಡಿ ನೋಡಿದೆವು. ಅವನಿಂದ ಆಗಲಿಲ್ಲ. ತುಟಿ ಕಚ್ಚಿ ನಿಂತರೂ ಆ ಗಳಿಗೆಗೆ ಮಾತು ಹೊರಟುಬಿಡುತ್ತಿತ್ತು. “ಬಾಯ್ಗೆ ಬಂದ್ಬುಡ್ತದೆ ಕಣ್ಲಾ, ನಾನೇನ್ ಮಾಡ್ಲಿ” ಎಂದ. ಹಾಗಾಗಿ ಬಜರನ್ನು ನೂರ ಅರವತ್ತನಾಲ್ಕಕ್ಕೆ ಕಟ್ಟಿದೆ. ಈಗ ಆ ಆಲೆಮನೆಯಲ್ಲಿ ಹೀಗೊಂದು ಪದ್ಧತಿ. ಮಾವ ‘ಬಂತು’ ಎನ್ನುತ್ತಾನೆ. ಎಲ್ಲರೂ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಮಾವ ಎಲೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗಿಡುತ್ತಾನೆ. ಆಗ ಡಬ್ಬಿ ಕೂಗುತ್ತದೆ. ಆ ವರ್ಷ ಬೇಸಿಗೆಯಲ್ಲಿ ಪೊರೆ ತೆಗೆಸಿದ್ದಾಯಿತು, ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ, ಪದ್ಧತಿ ಮಾತ್ರ ಹಾಗೇ ಇದೆ. ಹೊಸಬರು ಯಾರಾದರೂ ಬಂದು ಡಬ್ಬಿಯನ್ನು ಹೊಗಳಿದರೆ ಮಾವ ಅಡ್ಡಿಪಡಿಸುವುದಿಲ್ಲ. ಕೊನೆಯಲ್ಲಿ ಮೆಲ್ಲಗೆ, “ಅದು ಬಂದ್ಮೇಲೆ ಏಳ್ತದೆ. ನಾನು ಬರೋಕ್ ಮುಂಚೆ ಏಳ್ತೀನಿ” ಎನ್ನುತ್ತಾನೆ. ಜಂಬ ನಮ್ಮ ತಾಯಿಯ ಕಡೆಯಿಂದ ಬಂದದ್ದು ಎಂದು ನನ್ನ ಹೆಂಡತಿ ಅನ್ನುವುದು ಸುಳ್ಳಲ್ಲ.

ಅಗ್ಗದ ಸಾಮಾನಿನಲ್ಲಿ ಲೋಕವನ್ನು ಯಂತ್ರಕ್ಕೆ ಜೋಡಿಸುವುದು ಹೇಗೆ ಎಂದು ಈಗಲೂ ಯಾರಾದರೂ ಕೇಳಿಕೊಂಡು ಬಂದರೆ ಬಟ್ಟಲಿನ ಕಥೆ, ತೂತಿನ ಕಥೆ ಎಲ್ಲ ಹೇಳುತ್ತೇನೆ. ಆದರೆ ಎಲ್ಲಕ್ಕಿಂತ ಅಗ್ಗವಾದ ಸಾಮಾನು ಒಂದಿದೆ, ಅದನ್ನು ಬೆಂಗಳೂರಿನಿಂದ ತರಿಸಬೇಕಿಲ್ಲ ಎನ್ನುತ್ತೇನೆ. ಕೆಲಸ ಬಲ್ಲವರ ಪಕ್ಕದಲ್ಲಿ ಕೂತು, ಅವರಾಡುವ ಮಾತಿಗೆ ಅರ್ಥವೇನೆಂದು ಒಂದು ಸಲ ಕೇಳುವುದು. ನಾನದನ್ನು ಮೊದಲೇ ಕೇಳಿದ್ದರೆ ಮಾವನಿಗೆ ಆ ಒಂದು ದಿನ ಕಬ್ಬಿನ ಹೊರೆಯ ಮೇಲೆ ಕೂರುವುದು ತಪ್ಪುತ್ತಿತ್ತು.

ಒಳಗಿನಿಂದ ಹೆಂಡತಿ ಊಟಕ್ಕೆ ಕರೆಯುತ್ತಿದ್ದಾಳೆ. ‘ಬಂದೆ’ ಎಂದಿದ್ದೇನೆ. ಹಿಟ್ಟು ತಿರುವುವ ಸದ್ದು ಈಗಷ್ಟೇ ಶುರುವಾಯಿತು. ಕೂತಿರಿ, ನಮಗಿನ್ನೂ ಎಂಟು ಎಣಿಕೆ ಇದೆ.